ವಾಸನೆ ಕಡಿಮೆಯಿದ್ದ ಅಂಟು

ಅಕ್ಕನ ಒಂದು ಚಪ್ಪಲಿ ಮೇಜಿನ ಕೆಳಗೇ ಉಳಿದಿತ್ತು. ಅವರು ಗೋದಾಮಿನವರೆಗೆ ನಡೆದು ಹೋಗಿ, ಸೋಲ್‌ಗಳ ಕಟ್ಟು ಎತ್ತಿಕೊಂಡು ವಾಪಸು ಬಂದಿದ್ದರು. "ಅಕ್ಕಾ, ಒಂದು ಕಾಲಲ್ಲಿ ಚಪ್ಪಲಿಯೇ ಇಲ್ಲವಲ್ಲ" ಎಂದೆ. ಅವರು ಬಗ್ಗಿ ನೋಡಿಕೊಂಡರು. ಕಣ್ಣಿಗೆ ಬಿದ್ದ ಮೇಲೆಯೇ ಅವರಿಗೆ ಗೊತ್ತಾದದ್ದು.

ನಮ್ಮದು ಹದಿನಾಲ್ಕು ಜನ ದುಡಿಯುವ ಶೂ ತಯಾರಿಕೆಯ ಸಣ್ಣ ಘಟಕ. ಉಸ್ತುವಾರಿ ನನ್ನದು. ಅಕ್ಕ ಇಲ್ಲಿ ಅಂಟು ಹಚ್ಚುವವರು. ಅಂಟನ್ನು ನಾವೆಲ್ಲ ಸೊಲ್ಯೂಷನ್ ಅಂತಲೇ ಕರೆಯುವುದು. ಮೊದಲು ತರಿಸುತ್ತಿದ್ದ ಸೊಲ್ಯೂಷನ್ನಿನಲ್ಲಿ ಟೊಲುಯೀನ್ ಎಂಬ ದ್ರಾವಕ ಇತ್ತು. ಮೂಗಿಗೆ ರಪ್ಪನೆ ಬಡಿಯುವ ವಾಸನೆ, ಸಂಜೆ ಹೊತ್ತಿಗೆ ಎಲ್ಲರಿಗೂ ತಲೆನೋವು. ಅದನ್ನು ಬಿಡಿಸಿ ಹೊಸದು ತರಿಸಿದವನು ನಾನೇ. ಇದರ ವಾಸನೆ ಪೆಟ್ರೋಲಿನಂತೆ, ತೀರಾ ಮಂದ. ಅರ್ಧ ಹೊತ್ತಿಗೇ ಒಣಗುತ್ತಿತ್ತು. ಎಲ್ಲರೂ ನಿರಾಳವಾದರು. ಒಳ್ಳೆಯ ಕೆಲಸ ಮಾಡಿದೆ ಅಂತ ನಾನೂ ನಂಬಿದ್ದೆ.

ಅಲ್ಲಿಂದ ಏಳೆಂಟು ತಿಂಗಳಿಗೆ ಈ ಚಪ್ಪಲಿಯ ಪ್ರಸಂಗ. ಕಾಲ್ಬೆರಳು ಜೋಮು ಹಿಡಿದು ತಿಂಗಳಾಗಿದೆ, ಬ್ರಷ್ ಕೂಡ ಕೈಯಿಂದ ಜಾರುತ್ತದೆ ಅಂತ ಅಕ್ಕ ಆಮೇಲೆ ಹೇಳಿದರು. ಮೊದಲು ತೋರಿಸಿದ ಡಾಕ್ಟರು ಸಕ್ಕರೆ ಕಾಯಿಲೆ ಇರಬಹುದು ಅಂತ ರಕ್ತ ಪರೀಕ್ಷೆ ಮಾಡಿಸಿದರು. ಏನೂ ಇರಲಿಲ್ಲ. ಎರಡನೆಯವರು ನರಗಳ ಪರೀಕ್ಷೆ ಮಾಡಿ, "ಏನು ಕೆಲಸ ಮಾಡ್ತೀರಿ?" ಅಂತ ಕೇಳಿದರು. ಅಷ್ಟು ದಿನದಲ್ಲಿ ಯಾರೂ ಕೇಳಿರಲಿಲ್ಲ. ಆ ಡಬ್ಬಿಯೊಳಗೆ ಏನಿದೆ ಅಂತ ತಿಳಿದುಕೊಂಡು ಬನ್ನಿ ಅಂದರು.

ಡಬ್ಬಿಯ ಮೇಲೆ ಇದ್ದದ್ದು ಬ್ರ್ಯಾಂಡಿನ ಹೆಸರು ಮತ್ತು ಬೆಂಕಿಯ ಚಿಹ್ನೆ, ಅಷ್ಟೆ. ಸರಬರಾಜುದಾರರನ್ನು ಎರಡು ಸಲ ಪೀಡಿಸಿ ಸುರಕ್ಷತಾ ಮಾಹಿತಿ ಪತ್ರ ತರಿಸಿದೆ. ಅದರಲ್ಲಿ 16 ವಿಭಾಗ. ಮೂರನೆಯದರಲ್ಲಿ ಬರೆದಿತ್ತು: ಅರ್ಧಕ್ಕಿಂತ ಹೆಚ್ಚು ಎನ್-ಹೆಕ್ಸೇನ್ ಎಂಬ ದ್ರಾವಕ. ಇದು ಉಸಿರಿನ ಜೊತೆ ಒಳಗೆ ಹೋಗಿ ದೇಹದಲ್ಲಿ 2,5-ಹೆಕ್ಸೇನ್‌ಡಯೋನ್ ಎಂಬ ಬೇರೆ ವಸ್ತುವಾಗುತ್ತದೆ, ಅದು ನರಗಳನ್ನು ಹಾಳುಮಾಡುತ್ತದೆ, ಉದ್ದದ ನರಗಳಿಗೇ ಮೊದಲು ಪೆಟ್ಟು ಬೀಳುವುದರಿಂದ ಕಾಲ್ಬೆರಳಿನಿಂದ ಶುರುವಾಗುತ್ತದೆ ಅಂತ ಡಾಕ್ಟರು ವಿವರಿಸಿದರು. 1960ರ ದಶಕದಲ್ಲೇ ಜಪಾನಿನಲ್ಲಿ ಸ್ಯಾಂಡಲ್‌ಗೆ ಅಂಟು ಹಚ್ಚುತ್ತಿದ್ದವರಿಗೆ ಇದೇ ಆಗಿತ್ತಂತೆ. ಅಷ್ಟು ಹಿಂದೆಯೇ ಗೊತ್ತಿದ್ದ ಸಂಗತಿ ನಮ್ಮ ಮೇಜಿನ ತನಕ ಬಂದಿರಲಿಲ್ಲವಲ್ಲ ಎಂಬ ಸಂಕಟ ಈಗಲೂ ಹೋಗಿಲ್ಲ.

ಅಕ್ಕನನ್ನು ಅಂಟಿನ ಕೆಲಸದಿಂದ ಪೂರ್ತಿ ಬಿಡಿಸಿದೆವು. ಮುಂದಿನ ವಾರ ಕೈಗಾರಿಕಾ ಆರೋಗ್ಯ ತಜ್ಞೆಯೊಬ್ಬರು ಬಂದರು. ಆ ದಿನವನ್ನು ನಾನು ಮರೆಯಲಾರೆ.

"ನಮ್ಮಲ್ಲಿ ಎಕ್ಸಾಸ್ಟ್ ಫ್ಯಾನ್ ಇದೆ ಮೇಡಂ" ಅಂತ ಗೋಡೆಯ ಮೇಲ್ತುದಿಯಲ್ಲಿ ತಿರುಗುತ್ತಿದ್ದ ದೊಡ್ಡ ಫ್ಯಾನು ತೋರಿಸಿದೆ. ಅವರು ಅದನ್ನು ನೋಡಿ, ಕೂತು ಕೆಲಸ ಮಾಡುತ್ತಿದ್ದವರನ್ನು ನೋಡಿ, "ಗಾಳಿ ಎಲ್ಲಿ ಹೋಗುತ್ತೆ ಅಂತ ಹೊಗೆ ಬಿಟ್ಟು ನೋಡೋಣ" ಎಂದರು. ಬೆಂಕಿಪೊಟ್ಟಣ ತರಲೇ ಅಂದೆ. ಅವರು ಗಾಬರಿಯಿಂದ ನನ್ನ ತೋಳು ಹಿಡಿದುಬಿಟ್ಟರು. ಹೆಕ್ಸೇನಿನ ಆವಿ ಮೈನಸ್ 22 ಡಿಗ್ರಿಯಲ್ಲೂ ಕಿಡಿ ತಾಕಿದರೆ ಹೊತ್ತಿಕೊಳ್ಳುತ್ತದಂತೆ. ತಮ್ಮ ಚೀಲದಿಂದ ಬೆರಳುದ್ದದ ಗಾಜಿನ ಕೊಳವೆ ತೆಗೆದು, ಅದರ ಎರಡೂ ತುದಿ ಮುರಿದು, ರಬ್ಬರ್ ಬುರುಡೆಗೆ ಸಿಕ್ಕಿಸಿ ಒತ್ತಿದರು. ಬೆಂಕಿಯೇ ಇಲ್ಲದೆ ಬಿಳಿ ಹೊಗೆ ಬಂತು.

ಅಕ್ಕ ಕೂರುತ್ತಿದ್ದ ಖಾಲಿ ಜಾಗದಲ್ಲಿ, ತೆರೆದಿದ್ದ ಡಬ್ಬಿಯ ಬಾಯಿಯ ಹತ್ತಿರ ಅವರು ಹೊಗೆ ಬಿಟ್ಟರು. ಅದು ಮೊದಲು ಮೇಜಿನ ಮೇಲೆ ಸುಳಿಯಿತು. ಆಮೇಲೆ ನಿಧಾನವಾಗಿ ಮೇಲೆದ್ದು, ಕೂತವರ ಮುಖ ಇರಬೇಕಾದ ಜಾಗವನ್ನೇ ಸವರಿಕೊಂಡು, ಕುರ್ಚಿಯ ಹಿಂದಿನ ಗೋಡೆಯ ಫ್ಯಾನಿನ ಕಡೆಗೆ ಹೋಯಿತು. ಫ್ಯಾನು ಆವಿಯನ್ನು ಹೊರಗೆ ಹಾಕುತ್ತಿತ್ತು ನಿಜ, ಆದರೆ ಅವರ ಮೂಗಿನ ಮೂಲಕ. ಯಾರೂ ಮಾತಾಡಲಿಲ್ಲ. ಪಕ್ಕದ ಮೇಜಿನ ಹುಡುಗ ಮುಖಕ್ಕೆ ಕಟ್ಟಿಕೊಂಡಿದ್ದ ಬಟ್ಟೆಯ ಮಾಸ್ಕನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ. ಧೂಳಿನ ಮಾಸ್ಕು ಆವಿಯನ್ನು ತಡೆಯುವುದಿಲ್ಲ ಅಂತ ಸ್ವಲ್ಪ ಮುಂಚೆಯಷ್ಟೇ ಅವರು ಹೇಳಿದ್ದರು.

ಕಿಟಕಿಗಳನ್ನೆಲ್ಲ ತೆರೆದಿಟ್ಟರೆ ಸಾಲದೇ ಎಂದು ಕೇಳಿದೆ. ಅವರು ಕಾಗದ ತೆಗೆದು ಲೆಕ್ಕ ಹಾಕಿದರು. ಒಂದು ಲೀಟರ್ ಹೆಕ್ಸೇನ್ ಆವಿಯಾದರೆ ಸುಮಾರು 187 ಲೀಟರ್ ಆವಿ. ಎಂಟು ಗಂಟೆಯ ಪಾಳಿಗೆ ಸಾಮಾನ್ಯವಾಗಿ ಉಲ್ಲೇಖಿಸುವ 50 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 50 ಪಾಲು ಆವಿ) ಮಿತಿಗೆ ಅದನ್ನು ತೆಳುಮಾಡಲು ಸುಮಾರು 3,700 ಘನ ಮೀಟರ್ ಗಾಳಿ ಬೇಕು. ನಮ್ಮ ಕೋಣೆ 240 ಘನ ಮೀಟರ್. ಅಂದರೆ ಒಂದು ಲೀಟರಿಗೆ ಹದಿನೈದು ಕೋಣೆ ಗಾಳಿ. ನಾವು ದಿನಕ್ಕೆ ಬಳಸುತ್ತಿದ್ದದ್ದು ಒಂದೇ ಲೀಟರ್ ಅಲ್ಲ.

ಆವಿಯನ್ನು ಹುಟ್ಟಿದ ಜಾಗದಲ್ಲೇ ಹಿಡಿಯಬೇಕು ಅಂದರು. ಮೇಜಿನ ಆಚೆ ಬದಿಯಲ್ಲಿ ಉದ್ದನೆಯ ಸೀಳುಬಾಯಿಯ ತಗಡಿನ ಡಕ್ಟು ಮಾಡಿಸಿದೆವು, ಗಾಳಿ ಕೂತವರ ಬೆನ್ನ ಕಡೆಯಿಂದ ಬಂದು ಅಂಟನ್ನು ದಾಟಿ ಅದರೊಳಕ್ಕೆ ಹೋಗುವಂತೆ. ಸೆಳೆಯುವ ಬಾಯಿಯಿಂದ ಕೆಲಸ ದೂರವಾದಷ್ಟೂ ಸೆಳೆತ ಬಲುಬೇಗ ಸೋಲುತ್ತದೆ. ಅದಕ್ಕೇ ಡಬ್ಬಿ ಎಲ್ಲಿಡಬೇಕೆಂದು ಮೇಜಿನ ಮೇಲೆ ಬಣ್ಣದ ಗೆರೆ ಎಳೆದೆವು. ಅಗಲ ಬಾಯಿಯ ಡಬ್ಬಿ ಹೋಗಿ ಬ್ರಷ್ಷಿನಷ್ಟೇ ಬಾಯಿಯ, ಮುಚ್ಚಳದ ಪಾತ್ರೆ ಬಂತು. ಅಂಟು ಒರೆಸಿದ ಬಟ್ಟೆಗೂ ಮುಚ್ಚಳದ ಲೋಹದ ಡಬ್ಬಿ ಇಟ್ಟೆವು. ಹೆಕ್ಸೇನ್ ಇಲ್ಲದ, ನೀರು ಆಧಾರಿತ ಅಂಟನ್ನೂ ಪ್ರಯತ್ನಿಸಿದೆವು. ಅದು ಒಣಗಲು ತಡ, ಬಿಸಿಗಾಳಿಯ ಪೆಟ್ಟಿಗೆ ಬೇಕು, ಕೆಲವು ಸೋಲ್‌ಗಳಿಗೆ ಕಚ್ಚುವುದೇ ಇಲ್ಲ. ಅರ್ಧ ಕೆಲಸ ಈಗ ಅದರಲ್ಲೇ ನಡೆಯುತ್ತಿದೆ. ಉಳಿದರ್ಧಕ್ಕೆ ದಾರಿ ಇನ್ನೂ ಹುಡುಕುತ್ತಿದ್ದೇವೆ.

ಇಷ್ಟೆಲ್ಲ ಆಗುತ್ತಿರುವಾಗ ಅಕ್ಕ ಇನ್ನಷ್ಟು ಸೊರಗಿದರು. ಅಂಟಿನಿಂದ ದೂರವಿದ್ದೂ ಎರಡು ತಿಂಗಳು ಕಾಲಿನ ಬಲ ಕುಗ್ಗುತ್ತಲೇ ಹೋಯಿತು. ಈ ವಿಷದ ರೀತಿಯೇ ಹಾಗೆ, ಬಿಟ್ಟ ಮೇಲೂ ಕೆಲವು ಕಾಲ ಹೆಚ್ಚಾಗಿ ಆಮೇಲೆ ಇಳಿಯುತ್ತದೆ ಅಂತ ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಆದರೂ ಅಕ್ಕ ಗೋಡೆ ಹಿಡಿದು ನಡೆಯುವುದನ್ನು ನೋಡುವುದು ಕಷ್ಟವಾಗಿತ್ತು.

ವರ್ಷ ಕಳೆದ ಮೇಲೆ ಪ್ಯಾಕಿಂಗ್ ಕೆಲಸಕ್ಕೆ ಬಂದರು, ಹಿಂಬದಿಗೆ ಪಟ್ಟಿಯಿರುವ ಚಪ್ಪಲಿ ಹಾಕಿಕೊಂಡು. ಅಂಟಿನ ಕೋಣೆಯ ಬಾಗಿಲಲ್ಲಿ ನಿಂತು, "ಈಗ ವಾಸನೆಯೇ ಇಲ್ಲವಲ್ಲ ತಮ್ಮಾ" ಅಂದರು. ಆ ಮಾತು ನನಗೆ ಸಾಲಲಿಲ್ಲ. ತಿಂಗಳಿಗೊಮ್ಮೆ ಪರೀಕ್ಷಿಸಲೆಂದು ತರಿಸಿಟ್ಟಿದ್ದ ಹೊಗೆ ಕೊಳವೆಯೊಂದನ್ನು ಮುರಿದು ಬುರುಡೆಗೆ ಸಿಕ್ಕಿಸಿ ಅವರ ಕೈಗೆ ಕೊಟ್ಟೆ. "ಮೂಗಿನ ಹತ್ತಿರ ಹಿಡೀಬೇಡಿ ಅಕ್ಕಾ, ಉರಿಯುತ್ತೆ." ತಮ್ಮ ಹಳೆಯ ಜಾಗದ ಮುಂದೆ ನಿಂತು ಅವರು ಬುರುಡೆ ಒತ್ತಿದರು. ಬೆರಳಿಗೆ ಇನ್ನೂ ಪೂರ್ತಿ ಹಿಡಿತ ಬಂದಿರಲಿಲ್ಲ, ಎರಡನೇ ಸಲಕ್ಕೆ ಹೊಗೆ ಬಂತು. ಅದು ಮೇಲೇಳದೆ, ಮೇಜಿಗೆ ಅಂಟಿಕೊಂಡಂತೆ ಹರಿದು ಆಚೆ ಬದಿಯ ಸೀಳಿನೊಳಕ್ಕೆ ಹೋಯಿತು. ಅವರು ಮತ್ತೊಮ್ಮೆ ಒತ್ತಿದರು.