ಅಸ್ಕಾರಿ ಏನಂದ?

2018ರಲ್ಲಿ ನಾನು ತಾಂಜಾನಿಯಾದ ಟಾಂಗಾದಲ್ಲಿದ್ದೆ. ಬಂದರು ಊರು. ಶೆಕೆ, ತೆಂಗಿನ ಮರ ಎಲ್ಲಾ ನಮ್ಮ ಮಂಗಳೂರಿನ ಹಾಗೇ. ಒಂದು ಗೋದಾಮಿನ ಲೆಕ್ಕ ಬರೆಯೋದು ನನ್ನ ಕೆಲಸ. ಅಲ್ಲಿನ ಭಾಷೆ ಸ್ವಾಹಿಲಿ ನನಗೆ ಸಂತೆಗೆ ಸಾಕಾಗುವಷ್ಟು ಬರುತ್ತಿತ್ತು, ಅಷ್ಟೇ.

ಪಕ್ಕದ ಮನೆಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದರು. ಎಲ್ಲರಿಗೂ ಅವರು 'ಮ್ವಾಲಿಮು', ಅಂದರೆ ಮೇಷ್ಟ್ರು. ವಯಸ್ಸಾದವರಿಗೆ 'ಶಿಕಮೂ' ಅನ್ನಬೇಕು, ಅವರು 'ಮರಹಬಾ' ಅನ್ನುತ್ತಾರೆ. ಅದಾದ ಮೇಲೇ ಮಿಕ್ಕ ಮಾತು. ಭಾಷೆ ಕಲಿಯಲು ವ್ಯಾಕರಣ ಬೇಡ, ಕಾದಂಬರಿ ಓದು ಅಂದರು. ಕೈಗಿಟ್ಟದ್ದು ಶಾಬಾನ್ ರಾಬರ್ಟ್ ಬರೆದ 'ಕುಸಾದಿಕಿಕಾ'. ತೆಳ್ಳನೆ ಪುಸ್ತಕ, 1951ರದು.

"ಈತ ಇಲ್ಲೇ ಹತ್ತಿರ ಹುಟ್ಟಿದವನು, 1909ರಲ್ಲಿ. ಬ್ರಿಟಿಷರ ಸುಂಕದ ಕಚೇರಿಯಲ್ಲಿ ಗುಮಾಸ್ತ. ನಿನ್ನ ಹಾಗೇ" ಅಂತ ನಕ್ಕರು.

ದಿನಕ್ಕೆ ಅರ್ಧ ಪುಟ ಓದಿದರೆ ಜಾಸ್ತಿ. ಮೊದಲು ಸಿಕ್ಕಿಕೊಂಡದ್ದು 'ಉತು' ಅನ್ನೋ ಪದದಲ್ಲಿ. 'ಮ್ತು' ಅಂದರೆ ಮನುಷ್ಯ, 'ವಾತು' ಅಂದರೆ ಮನುಷ್ಯರು, 'ಉತು' ಅಂದರೆ ಮನುಷ್ಯತನ. ನಾವು ಕೊನೆಗೆ 'ತನ' ಸೇರಿಸುತ್ತೇವೆ, ಇವರು ಮೊದಲಿಗೆ 'ಉ' ಹಚ್ಚುತ್ತಾರೆ. ಖುಷಿಯಾಗಿ ಇನ್ನೊಂದು ಉದಾಹರಣೆ ಕೊಡಿ ಅಂದೆ. ಮ್ವಾಲಿಮು ತುಂಟತನದಿಂದ 'ಉಬೆಪಾರಿ' ಅಂದರು. ಬಂಡವಾಳಶಾಹಿ. 'ಬೆಪಾರಿ' ಗುಜರಾತಿ ವ್ಯಾಪಾರಿಗಳಿಂದ ಬಂದ ಪದ. ನಮ್ಮ 'ವ್ಯಾಪಾರಿ'ಯೇ ಇಲ್ಲಿಗೆ ಬಂದು, ದೇಶದ ಮೊದಲ ಅಧ್ಯಕ್ಷ ನ್ಯೆರೆರೆ ಅವರ ಸಮಾಜವಾದದ ಕಾಲದಲ್ಲಿ ಬೈಗುಳದ ಮಟ್ಟಕ್ಕಿಳಿದಿದ್ದಾನೆ. ನಾನೂ ನಕ್ಕೆ, ಸ್ವಲ್ಪ ಪೆಚ್ಚಾಗಿಯೇ.

ಒಂದು ಶನಿವಾರ ಗೋದಾಮಿನ ಜನರೇಟರಿನ ಡೀಸೆಲ್ ಲೆಕ್ಕ ತಾಳೆಯಾಗಲಿಲ್ಲ. 20 ಲೀಟರ್ ಕಡಿಮೆ. ರಾತ್ರಿ ಅಲ್ಲಿರುವವನು ಅಸ್ಕಾರಿ, ನಮ್ಮ ಕಾವಲುಗಾರ, ಒಬ್ಬನೇ. ಅವನ ಸಂಬಳದಲ್ಲಿ 40,000 ಶಿಲ್ಲಿಂಗ್ ಹಿಡಿದುಬಿಟ್ಟೆ. ಎರಡು ನಿಮಿಷದ ಕೆಲಸ.

ಸಂಜೆ ಪಾಠ. ಕುಸಾದಿಕಿಕಾ ಗಾಳಿಯಲ್ಲಿ ತೇಲುವ ದೇಶ. ಬ್ರಿಟಿಷ್ ದೊರೆಗಳ ಕಾಲದಲ್ಲಿ ಅವರನ್ನು ಟೀಕಿಸಲು ಊರನ್ನು ಆಕಾಶಕ್ಕೆ ಏರಿಸಬೇಕಾಯಿತೇನೋ ಅನ್ನೋದು ನನ್ನ ಊಹೆ. ಅಲ್ಲಿ ಕರಾಮಾ ಅನ್ನುವವನು ಜನರಿಗೆ ಕಾನೂನು ಕಲಿಸಲು ಹೊರಡುತ್ತಾನೆ. ಅದೇ ಅಪರಾಧ! ಆರೋಪ ಹೊರಿಸುವ ಮಂತ್ರಿಯ ಹೆಸರು ಮಜಿವುನೊ, ಅಂದರೆ ಜಂಬ. ಕರಾಮಾ ರಾಜನ ಮುಂದೆ ನಿಂತು, ಹಿಂದೆ ಆರು ದಿಕ್ಕಿಗೆ ಹೋದ ಆರು ದೂತರ ಕಥೆ ಹೇಳುತ್ತಾನೆ. ಒಳ್ಳೆಯ ವಿಚಾರ ತಂದವರನ್ನು ಈ ದೇಶ ಶಿಕ್ಷಿಸಿದ ಕಥೆ. ಪುಸ್ತಕದ ತುಂಬ ಇದೇ. ನಿಜ ಹೇಳಬೇಕೆಂದರೆ ನನಗೆ ಬೇಸರ ಬಂದಿತ್ತು. ಆರೋಪಿ ಇಷ್ಟುದ್ದ ಮಾತಾಡೋದುಂಟಾ?

ಮಾತಿಗೆ ಮಾತು ಬಂದು ಡೀಸೆಲ್ ವಿಷಯ ಹೇಳಿದೆ. ಮ್ವಾಲಿಮು ಕನ್ನಡಕ ತೆಗೆದರು.

"ಅಲಿಸೆಮಾ ನೀನಿ?"

ಅವನು ಏನಂದ? ಕೇಳಿರಲಿಲ್ಲವಲ್ಲ! ಅವರು ಮತ್ತೇನೂ ಹೇಳಲಿಲ್ಲ. ಮುಂದಿನ ಸಾಲಿನ ಮೇಲೆ ಬೆರಳಿಟ್ಟು, ಓದು ಅಂದರು. ಓದಿದೆ. ಒಂದು ಪದವೂ ತಲೆಗೆ ಹೋಗಲಿಲ್ಲ.

ಸೋಮವಾರ ಅಸ್ಕಾರಿಯನ್ನು ಕೂರಿಸಿ ಚಹಾ ತರಿಸಿದೆ. ಅವನು ಡೀಸೆಲ್ಲಿಗೆ ಬರುವ ಮೊದಲು ಮನೆ, ಮಗಳ ಶಾಲೆ, ಮಳೆ ಎಲ್ಲ ಸುತ್ತಿದ. ಮುಕ್ಕಾಲು ಗಂಟೆ. ನಾನು ಗಡಿಯಾರ ನೋಡಿಕೊಂಡೇ ಕೂತಿದ್ದೆ, ಸುಳ್ಳೇಕೆ. ಆಮೇಲೆ ಎದ್ದು, ಬನ್ನಿ ಅಂತ ಜನರೇಟರ್ ಹತ್ತಿರ ಕರೆದುಕೊಂಡು ಹೋದ. ಪೈಪಿನ ಕೆಳಗೆ ಒಂದು ತುಕ್ಕು ಹಿಡಿದ ಎಣ್ಣೆ ಡಬ್ಬಿ. ಸೋರಿದ್ದು ಅದರಲ್ಲಿ ಬೀಳಲಿ ಅಂತ ಅವನೇ ಇಟ್ಟಿದ್ದ. ದಿನಾ ಬೆಳಿಗ್ಗೆ ಅದನ್ನು ಕಸ ಅಂತ ಕಾಲಿಂದ ಪಕ್ಕಕ್ಕೆ ತಳ್ಳುತ್ತಿದ್ದವನು ನಾನು.

ಹಿಡಿದ ಹಣ ವಾಪಸ್ ಕೊಟ್ಟೆ, 'ಸಮಹಾನಿ' ಅಂತ ಕ್ಷಮೆಯನ್ನೂ ಕೇಳಿದೆ. ಅವನು ನೋಟುಗಳನ್ನು ಎರಡು ಸಲ ಎಣಿಸಿ ಜೇಬಿಗೆ ಹಾಕಿಕೊಂಡ.

"ಪೈಪ್ ಇನ್ನೂ ಸೋರ್ತಿದೆ, ಬಾಸ್" ಅಂದ.