ಗುಲಾಗ್ ಕೈದಿಗಳು ಯಾಕೆ ತಿರುಗಿ ಬೀಳಲಿಲ್ಲ?

ಗುಲಾಗ್, ಅಂದರೆ ಸ್ಟಾಲಿನ್ ಕಾಲದ ಸೋವಿಯತ್ ಬಲವಂತದ ದುಡಿಮೆಯ ಶಿಬಿರಗಳ ಮಾತು ತೆಗೆದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. 1930ರಿಂದ 1953ರವರೆಗೆ ಸುಮಾರು 1.8 ಕೋಟಿ ಜನ ಅಲ್ಲಿ ದುಡಿದರು. ಅಷ್ಟು ಜನ ಒಟ್ಟಾಗಿ ಎದ್ದಿದ್ದರೆ ಕಾವಲಿನವರು ಏನು ಮಾಡಲು ಆಗುತ್ತಿತ್ತು, ಅಲ್ವಾ?

ಬಂದೂಕು, ಮುಳ್ಳುತಂತಿ, ಚಳಿ ಎಲ್ಲ ಇದ್ದೇ ಇತ್ತು. ಸೈಬೀರಿಯಾದ ಈಶಾನ್ಯ ತುದಿಯ ಕೊಲಿಮಾದಂಥ ಕಡೆ ಬೇಲಿ ದಾಟಿದರೂ ಹೋಗುವುದೆಲ್ಲಿಗೆ? ಆದರೆ ಜನರನ್ನು ಎಲ್ಲಕ್ಕಿಂತ ಬಿಗಿಯಾಗಿ ಕಟ್ಟಿಹಾಕಿದ್ದು ಬ್ರೆಡ್ಡು ಎಂದೇ ನನ್ನ ನಂಬಿಕೆ.

ದಿನಕ್ಕೆ ಇಷ್ಟು ಕೆಲಸ ಎಂದು ಲೆಕ್ಕ ಇರುತ್ತಿತ್ತು. ಮುಗಿಸಿದವರಿಗೆ ಜಾಸ್ತಿ ಬ್ರೆಡ್ಡು, ಮುಗಿಸದವರಿಗೆ ಕಡಿಮೆ. ಶಿಕ್ಷೆಗೆ ಬಿದ್ದವರಿಗೆ 300 ಗ್ರಾಂ ಆಸುಪಾಸು. ಅದೂ ನೀರು ತುಂಬಿದ ಹಸಿ ಬ್ರೆಡ್ಡು. ಹಾಗಾಗಿ ಅಂಚಿನ ಗಟ್ಟಿ ತುಂಡಿಗೆ ಎಲ್ಲರೂ ಆಸೆಪಡುತ್ತಿದ್ದರು. ತೂಕ ಕಡಿಮೆ ಬಿದ್ದರೆ ಇನ್ನೊಂದು ಚೂರನ್ನು ಮರದ ಸಿಬರಿನಿಂದ ಚುಚ್ಚಿ ಕೊಡುತ್ತಿದ್ದರು. ಆ ಚೂರು ಬಿದ್ದುಹೋದರೆ ಹೊಟ್ಟೆಗೆ ಅಷ್ಟು ಖೋತಾ.

ಕಡಿಮೆ ತಿಂದವನು ಮರುದಿನ ಇನ್ನೂ ಕಡಿಮೆ ಕೆಲಸ ಮಾಡುತ್ತಾನೆ. ಆಗ ಪಡಿ ಮತ್ತೆ ಇಳಿಯುತ್ತದೆ. ಹೀಗೇ ಸೊರಗಿ ಸೊರಗಿ ಸಾಯುವವರನ್ನು ಶಿಬಿರದವರು 'ದೊಖೊದ್ಯಾಗ' ಎನ್ನುತ್ತಿದ್ದರು. ಇನ್ನೂ ಕ್ರೂರ ಸಂಗತಿ ಏನೆಂದರೆ, ಎಷ್ಟೋ ಕಡೆ ಈ ಲೆಕ್ಕ ಇಡೀ ತಂಡಕ್ಕೆ ಸೇರಿ ಇರುತ್ತಿತ್ತು. ಒಬ್ಬ ಸುಸ್ತಾದರೆ ಎಲ್ಲರ ಬ್ರೆಡ್ಡಿಗೂ ಕತ್ತರಿ. ತಂಡದ ಮುಖ್ಯಸ್ಥನೂ ಕೈದಿಯೇ. ಪಕ್ಕದವನನ್ನು ಬೈದು, ಹೊಡೆದು ದುಡಿಸುವ ಕೆಲಸ ಕಾವಲಿನವರಿಗೆ ಉಳಿಯಲೇ ಇಲ್ಲ. ಹಸಿದವರನ್ನು ಹಸಿದವರ ಮೇಲೆಯೇ ಬಿಟ್ಟ ಈ ಏರ್ಪಾಡು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಹಾಗಂತ ಅವರು ಸುಮ್ನೆ ಕೂತಿರಲಿಲ್ಲ. ಕಾಡಿನಲ್ಲಿ ಹಳೆಯ ದಿಮ್ಮಿಯ ತುದಿಯನ್ನು ತೆಳ್ಳಗೆ ಕೊಯ್ದು, ಇವತ್ತೇ ಕಡಿದದ್ದು ಎಂದು ಲೆಕ್ಕ ಬರೆಸುತ್ತಿದ್ದರು. ಇಂಥ ಸುಳ್ಳು ಲೆಕ್ಕಕ್ಕೆ 'ತುಫ್ತಾ' ಎಂಬ ಹೆಸರೇ ಇತ್ತು. ಎಷ್ಟೋ ಜೀವ ಉಳಿದದ್ದು ಅದರಿಂದ.

ತಿರುಗಿಯೂ ಬಿದ್ದರು. ಸ್ಟಾಲಿನ್ ಸತ್ತ 1953ರಲ್ಲೇ ನೊರಿಲ್‌ಸ್ಕ್ ಮತ್ತು ವೊರ್ಕುತಾ ಶಿಬಿರಗಳಲ್ಲಿ ಸಾವಿರಾರು ಕೈದಿಗಳು ಕೆಲಸ ನಿಲ್ಲಿಸಿದರು. 1954ರಲ್ಲಿ ಕಜಕಸ್ತಾನದ ಕೆಂಗಿರ್ ಶಿಬಿರವನ್ನು ಕೈದಿಗಳೇ 40 ದಿನ ಹಿಡಿದಿಟ್ಟುಕೊಂಡರು. ರಾಜಕೀಯ ಕೈದಿಗಳನ್ನು ಹದ್ದುಬಸ್ತಿನಲ್ಲಿಡಲೆಂದು ಅಧಿಕಾರಿಗಳು ತಂದುಹಾಕಿದ್ದ ಕಳ್ಳಕಾಕರು ಕೂಡ ಅವರ ಜೊತೆಗೇ ನಿಂತರು. ಕೈದಿಗಳು ಕೇಳಿದ್ದು ದಿನಕ್ಕೆ 8 ಗಂಟೆ ಕೆಲಸ, ಬಟ್ಟೆಯ ಮೇಲಿನ ನಂಬರು ತೆಗೆಯುವುದು, ರಾತ್ರಿ ಬೀಗ ಹಾಕದಿರುವುದು, ಕೈದಿಗಳನ್ನು ಕೊಂದ ಕಾವಲಿನವರಿಗೆ ಶಿಕ್ಷೆ. ಜೂನ್ 26ರ ಬೆಳಗಿನ ಜಾವ ಸರ್ಕಾರ ಟ್ಯಾಂಕುಗಳನ್ನು ಒಳಗೆ ನುಗ್ಗಿಸಿತು.