ಮರದ ಮನುಷ್ಯರು, ಮೆಕ್ಕೆಜೋಳದ ಮನುಷ್ಯರು

ದಾವಣಗೆರೆಯ ಗೆಳೆಯರು, ಕಾಲೇಜು ಹುಡುಗರು, ಮದುವೆ ಮನೆಯಲ್ಲಿ ಪಕ್ಕ ಕೂತ ನೆಂಟರು, ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ ಒಂದಿದೆ. "ಈ ಹಳೇ ಸೃಷ್ಟಿ ಕಥೆಗಳನ್ನ ಯಾಕೆ ಅಷ್ಟು ಓದ್ತೀರಿ? ಮೊಬೈಲ್ ಹಿಡಿದು ಕೂತಿರೋ ನಮ್ಮ ಕಾಲದ ಸಂಬಂಧಗಳಿಗೆ ಅದರಿಂದ ಏನು ಸಿಗುತ್ತೆ?"

ಭೂಮಿ, ನಕ್ಷತ್ರ ಹೇಗೆ ಆದವು ಅನ್ನುವುದನ್ನು ನಾನು ವಿಜ್ಞಾನದಿಂದಲೇ ಕಲಿಯುತ್ತೇನೆ. ಸೃಷ್ಟಿ ಕಥೆಗಳಲ್ಲಿ ನಾನು ಹುಡುಕುವುದು ಬೇರೆ. ಒಬ್ಬರಿಗೆ ಇನ್ನೊಬ್ಬರು ಯಾಕೆ ಬೇಕು? ಜಗತ್ತಿನ ಎಷ್ಟೋ ಜನ ತಮ್ಮ ಮೊದಲ ಕಥೆಯನ್ನು ಈ ಪ್ರಶ್ನೆಯ ಸುತ್ತಲೇ ಕಟ್ಟಿದ್ದಾರೆ.

ಬೃಹದಾರಣ್ಯಕ ಉಪನಿಷತ್ತಿನ ಕಥೆ ನೋಡಿ. ಮೊದಲು ಇದ್ದದ್ದು ಒಂದೇ ಜೀವ. ಅದು ಸುತ್ತ ನೋಡಿತು, ತನ್ನ ಬಿಟ್ಟು ಯಾರೂ ಕಾಣಲಿಲ್ಲ. ಹೆದರಿತು. ಆಮೇಲೆ ಯೋಚಿಸಿತು: ನಾನಲ್ಲದೆ ಬೇರೆ ಯಾರೂ ಇಲ್ಲವಲ್ಲ, ಯಾರಿಗೆ ಹೆದರಲಿ? ಹೆದರಿಕೆ ಹೋಯಿತು. ಆದರೆ ಸಂತೋಷ ಬರಲಿಲ್ಲ. ಆಗ ಅದು ಇನ್ನೊಬ್ಬರನ್ನು ಬಯಸಿತು, ತನ್ನನ್ನೇ ಎರಡಾಗಿ ಸೀಳಿಕೊಂಡಿತು. ಗಂಡು ಹೆಣ್ಣು ಆದವು. ನಾವೆಲ್ಲ ಒಡೆದ ಬೇಳೆಯ ಒಂದೊಂದು ಹೋಳಿನ ಹಾಗೆ ಎಂದು ಯಾಜ್ಞವಲ್ಕ್ಯ ಹೇಳುತ್ತಿದ್ದನಂತೆ.

ಇಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯ ಒಂದಿದೆ. ಹೆದರಿಕೆಯನ್ನು ಆ ಜೀವ ಒಬ್ಬನೇ ಕೂತು ಓಡಿಸಿತು. ಸಂತೋಷವನ್ನು ಒಬ್ಬನೇ ತರಲು ಅದಕ್ಕೂ ಆಗಲಿಲ್ಲ. ನಮ್ಮ ಬಡಾವಣೆಯಲ್ಲಿ ಮಕ್ಕಳು ಬೆಂಗಳೂರಿಗೆ ಹೋಗಿ, ಅಪ್ಪ ಅಮ್ಮ ಇಬ್ಬರೇ ಉಳಿದ ಮನೆಗಳು ಬೇಕಾದಷ್ಟಿವೆ. ಮಗ ಸಿಸಿಟಿವಿ ಹಾಕಿಸಿರುತ್ತಾನೆ. ಇನ್ವರ್ಟರ್ ಇರುತ್ತದೆ. ಔಷಧಿ ಮನೆಗೇ ಬರುತ್ತದೆ. ಹೆದರಿಕೆಗೆ ಮಾಡಬೇಕಾದ್ದೆಲ್ಲ ಆಗಿದೆ, ಅದು ಪ್ರೀತಿಯಿಂದಲೇ ಆಗಿದೆ. ಆದರೂ ಗೇಟಿನ ಹತ್ತಿರ ಯಾರಾದರೂ ಸಿಕ್ಕರೆ ಆ ತಾಯಿ ಅರ್ಧ ಗಂಟೆ ಬಿಡುವುದಿಲ್ಲ. ಬೈಬಲ್ಲಿನ ಆದಿಕಾಂಡದಲ್ಲೂ ಇಂಥದ್ದೇ ಒಂದು ತಿರುವಿದೆ. ಬೆಳಕು, ನೆಲ, ಗಿಡಮರ, ಪ್ರಾಣಿ, ಎಲ್ಲವನ್ನೂ ನೋಡಿ ಒಳ್ಳೆಯದು ಎನ್ನುತ್ತಾ ಬಂದ ದೇವರು ಮೊದಲ ಬಾರಿಗೆ ಒಳ್ಳೆಯದಲ್ಲ ಎನ್ನುವುದು ಮನುಷ್ಯ ಒಂಟಿಯಾಗಿರುವುದನ್ನು ಕಂಡು.

ಸರಿ, ಇನ್ನೊಬ್ಬರು ಬೇಕು. ಎಂಥವರು ಬೇಕು? ಇದಕ್ಕೆ ನನಗೆ ಸಿಕ್ಕ ಅತ್ಯುತ್ತಮ ಉತ್ತರ ಬಹಳ ದೂರದ್ದು, ಮಧ್ಯ ಅಮೆರಿಕದ ಗ್ವಾಟೆಮಾಲಾದ ಕಿಚೇ ಮಾಯಾ ಜನರ ಪೊಪೊಲ್ ವುಹ್ ಎಂಬ ಗ್ರಂಥದ್ದು. ಸ್ಪ್ಯಾನಿಷರು ಬಂದು ಅವರ ರಾಜ್ಯ ಹಾಳು ಮಾಡಿದ ಮೇಲೆ 16ನೇ ಶತಮಾನದಲ್ಲಿ ಆ ಜನ ತಮ್ಮ ಕಥೆಗಳನ್ನು ಬರೆದಿಟ್ಟರು. 18ನೇ ಶತಮಾನದ ಮೊದಲಲ್ಲಿ ಫ್ರಾನ್ಸಿಸ್ಕೊ ಹಿಮೆನೆಸ್ ಎಂಬ ಪಾದ್ರಿ ಮಾಡಿಕೊಂಡ ಪ್ರತಿಯಿಂದ ಅದು ಉಳಿಯಿತು.

ಅದರಲ್ಲಿ ದೇವರುಗಳಿಗೆ ತಮ್ಮ ಹೆಸರು ಹಿಡಿದು ಕರೆಯುವ, ತಮ್ಮನ್ನು ನೆನೆಯುವ ಜೀವಿಗಳು ಬೇಕಿತ್ತು. ಮೊದಲು ಪ್ರಾಣಿ ಪಕ್ಷಿ ಮಾಡಿದರು. ಅವು ಬರೀ ಕೂಗಿದವು. ಆಮೇಲೆ ಮಣ್ಣಿನ ಮನುಷ್ಯನನ್ನು ಮಾಡಿದರು. ಅವನು ಮಾತಾಡಿದ, ಮಾತಿಗೆ ಅರ್ಥವಿರಲಿಲ್ಲ. ನೀರು ಸೋಕಿ ಕರಗಿಹೋದ. ಮೂರನೆಯದು ಮರದ ಮನುಷ್ಯರು. ಇವರು ಚೆನ್ನಾಗಿ ಮಾತಾಡಿದರು, ಮಕ್ಕಳು ಮರಿ ಮಾಡಿದರು, ಭೂಮಿ ತುಂಬಾ ಹಬ್ಬಿದರು. ಆದರೆ ಅವರೊಳಗೆ ಹೃದಯವಿರಲಿಲ್ಲ. ಯಾರನ್ನೂ ನೆನೆಯಲಿಲ್ಲ.

ದೇವರುಗಳು ಪ್ರವಾಹ ಕಳಿಸಿದರು. ಅದರ ಜೊತೆಗೆ ಮನೆಯ ಸಾಮಾನುಗಳೇ ಎದ್ದವು! ಬೀಸುವ ಕಲ್ಲು ಹೇಳಿತು: ದಿನಾ ನಮ್ಮ ಮೈ ಸವೆಸಿದಿರಿ, ಈಗ ನಿಮ್ಮನ್ನು ನಾವು ಬೀಸುತ್ತೇವೆ. ಒಲೆಯ ಮೇಲಿನ ಹಂಚು, ಗಡಿಗೆಗಳು ಹೇಳಿದವು: ನಮ್ಮನ್ನು ಸುಟ್ಟಿರಿ, ಬಾಯಿ ಮುಖ ಎಲ್ಲ ಮಸಿಯಾಯಿತು. ನಾಯಿಗಳೂ ಬಂದವು: ನೀವು ಉಣ್ಣುವಾಗ ನಮ್ಮನ್ನು ಕೋಲಿನಿಂದ ಓಡಿಸಿದಿರಿ, ನಮಗೆ ಮಾತು ಬರದು ಎಂದು ನಮ್ಮನ್ನು ಕೇಳಲೇ ಇಲ್ಲ.

ಈ ಭಾಗ ಓದಿದಾಗಲೆಲ್ಲ ನನಗೆ ನಮ್ಮೂರಿನ ಮಂಡಕ್ಕಿ ಭಟ್ಟಿಗಳು ನೆನಪಾಗುತ್ತವೆ. ದಾವಣಗೆರೆ ಅಂದರೆ ಮಂಡಕ್ಕಿ ಮಿರ್ಚಿ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆ ಮಂಡಕ್ಕಿಗಾಗಿ ಕಾದ ಮರಳಿನ ಮುಂದೆ, ಹೊಗೆಯ ನಡುವೆ ಬೆವರು ಸುರಿಸುವವರು ಯಾರು? ಎಪಿಎಂಸಿಯಲ್ಲಿ ಬೆನ್ನ ಮೇಲೆ ಚೀಲ ಹೊರುವ ಹಮಾಲರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ದಿನಾ ಪಾರ್ಸೆಲ್ ತರುವ ಹುಡುಗನಿಗೆ ನಾವು ಓಟಿಪಿ ಹೇಳುತ್ತೇವೆ, ಅಷ್ಟೇ. ಸಂಬಂಧ ಅಂದ ಕೂಡಲೇ ಮನೆಯವರು, ಗೆಳೆಯರು ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ಮಾಯಾ ಜನ ಬೀಸುವ ಕಲ್ಲನ್ನೂ ನಾಯಿಯನ್ನೂ ಅದರೊಳಗೆ ಸೇರಿಸಿದರು. ಯಾರ ಶ್ರಮದಿಂದ ಬದುಕುತ್ತೀವೋ ಅವರ ದನಿ ಕೇಳದವರು ಮರದವರು ಎಂದು ನೇರವಾಗಿ ಹೇಳಿದರು.

ಕೊನೆಗೆ ನಿಜವಾದ ಮನುಷ್ಯರನ್ನು ಮಾಡಿದ್ದು ಯಾವುದರಿಂದ ಗೊತ್ತಾ? ಮೆಕ್ಕೆಜೋಳದಿಂದ. ಬಿಳಿ ಮೆಕ್ಕೆಜೋಳ, ಹಳದಿ ಮೆಕ್ಕೆಜೋಳ ಬೀಸಿ, ಆ ಹಿಟ್ಟಿನಿಂದ ನಾಲ್ವರು ಗಂಡಸರನ್ನು ಮಾಡಿದರು. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಜಗಳೂರು ಕಡೆ ಹೋದರೆ ಎತ್ತ ನೋಡಿದರೂ ಮೆಕ್ಕೆಜೋಳ. ಕೊಯ್ಲಿನ ಹೊತ್ತಿಗೆ ರಸ್ತೆ ಬದಿಯಲ್ಲೆಲ್ಲ ಅದೇ ರಾಶಿ. ಆ ಬೆಳೆ ಮೆಕ್ಸಿಕೋ ಸೀಮೆಯಲ್ಲಿ ಸುಮಾರು 9,000 ವರ್ಷಗಳ ಹಿಂದೆ ಜನ ಒಂದು ಕಾಡು ಹುಲ್ಲನ್ನು ಪಳಗಿಸಿ ಮಾಡಿದ್ದು. ನಮ್ಮ ರೈತನ ಸಾಲ, ಮಗಳ ಮದುವೆ, ಎಲ್ಲವೂ ಇವತ್ತು ಆ ತೆನೆಯ ರೇಟಿನ ಮೇಲೆ ನಿಂತಿದೆ. ನಾವು ಎಂದೂ ನೋಡದ ಜನರ ಜೊತೆ ಇದಕ್ಕಿಂತ ಹತ್ತಿರದ ನಂಟು ಇನ್ನೇನು ಬೇಕು?

ಕಥೆ ಇನ್ನೂ ಇದೆ. ಆ ಜೋಳದ ಮನುಷ್ಯರಿಗೆ ಕೂತಲ್ಲಿಂದಲೇ ಆಕಾಶದ ಕೆಳಗಿನ ಎಲ್ಲವೂ ಕಾಣುತ್ತಿತ್ತು. ದೇವರುಗಳಿಗೆ ಇದು ಸರಿ ಅನ್ನಿಸಲಿಲ್ಲ. ಕನ್ನಡಿಯ ಮೇಲೆ ಉಸಿರು ಊದಿದ ಹಾಗೆ ಅವರ ಕಣ್ಣು ಮಬ್ಬು ಮಾಡಿದರು. ಹತ್ತಿರದ್ದು ಮಾತ್ರ ಕಾಣುವಂತಾಯಿತು. ಅದಾದ ಮೇಲೆ ಅವರು ಮಲಗಿ ಎದ್ದಾಗ ಪಕ್ಕದಲ್ಲಿ ಹೆಂಡತಿಯರಿದ್ದರು, ಅವರನ್ನು ಕಂಡು ಮನಸ್ಸು ತುಂಬಿತು. ದೇವರುಗಳು ಹಾಗೆ ಮಾಡಿದ್ದು ತಮ್ಮ ಸಮಕ್ಕೆ ಮನುಷ್ಯ ಬೆಳೆದಾನು ಎಂಬ ಆತಂಕದಿಂದ. ಆದರೆ ನನಗೆ ಕಾಣುವುದು ಘಟನೆಗಳ ಸಾಲು. ಎಲ್ಲವೂ ಕಾಣುವುದು ನಿಂತ ಮೇಲೆಯೇ ಪಕ್ಕದವರು ಕಂಡರು. ದಿನವಿಡೀ ಪ್ರಪಂಚದ ಸುದ್ದಿ, ಪರಿಚಯವಿಲ್ಲದವರ ರೀಲ್ಸ್ ನೋಡುವ ನಮಗೆ ಇದು ದೂರದ ಮಾತಲ್ಲ.

ಹತ್ತಿರ ಅಂದರೆ ಅಂಟಿಕೊಂಡೇ ಇರುವುದೂ ಅಲ್ಲ. ನ್ಯೂಜಿಲೆಂಡಿನ ಮಾವೊರಿ ಜನರ ಕಥೆಯಲ್ಲಿ ಆಕಾಶ ತಂದೆ, ಭೂಮಿ ತಾಯಿ. ಇಬ್ಬರೂ ಗಟ್ಟಿಯಾಗಿ ಅಪ್ಪಿಕೊಂಡಿದ್ದರಿಂದ ನಡುವಿನ ಮಕ್ಕಳಿಗೆ ಬೆಳಕೇ ಇರಲಿಲ್ಲ. ಕೊನೆಗೆ ತಾನೆ ಎಂಬ ಮಗ ಮಲಗಿ, ಕಾಲಿನಿಂದ ತಂದೆಯನ್ನು ಮೇಲಕ್ಕೆ ಒತ್ತಿದ. ಬೆಳಕು ಬಂತು. ಮಳೆ ಆ ತಂದೆಯ ಕಣ್ಣೀರು, ಮಂಜು ತಾಯಿಯ ನಿಟ್ಟುಸಿರು. ದೂರವಾದರೂ ಪ್ರೀತಿ ನಿಲ್ಲಲಿಲ್ಲ. ಹಾಸ್ಟೆಲ್ಲಿನ ಮಗಳ ಲೊಕೇಶನ್ ಗಂಟೆಗೊಮ್ಮೆ ನೋಡುವ ಅಪ್ಪಂದಿರಿಗೆ ನಾನು ಈ ಕಥೆ ಹೇಳುತ್ತೇನೆ.

ಎಲ್ಲ ಸೃಷ್ಟಿ ಕಥೆಯನ್ನೂ ತಲೆ ಮೇಲೆ ಹೊರಬೇಕು ಅಂತ ನಾನು ಹೇಳುವುದಿಲ್ಲ. ಬ್ಯಾಬಿಲೋನಿನ ಕಥೆಯಲ್ಲಿ ಸತ್ತ ದೇವರೊಬ್ಬನ ರಕ್ತದಿಂದ ಮನುಷ್ಯನನ್ನು ಮಾಡಿದ್ದು ದೇವರುಗಳ ಚಾಕರಿಗೆ. ಋಗ್ವೇದದ ಪುರುಷಸೂಕ್ತ ಬಾಯಿಯಿಂದ ಒಬ್ಬರು, ಪಾದದಿಂದ ಒಬ್ಬರು ಎನ್ನುತ್ತದೆ. ಹುಟ್ಟಿನಿಂದಲೇ ಮೇಲು ಕೀಳು ಮಾಡಲು ಇಂಥ ಕಥೆಗಳನ್ನು ಬಳಸಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ, ಮಕ್ಕಳಿಗೆ ಹೇಳುವಾಗಲೂ ಒಪ್ಪುವುದಿಲ್ಲ ಎಂದೇ ಹೇಳುತ್ತೇನೆ.

ಇನ್ನು ನನ್ನನ್ನು ಕೇಳುವವರಿಗೆ ನನ್ನದೂ ಒಂದು ಕೋರಿಕೆ ಇದೆ. ಉಪನಿಷತ್ತು, ಬೈಬಲ್ಲು ಪುಸ್ತಕದಲ್ಲಿ ಸಿಗುತ್ತವೆ. ಚಿತ್ರದುರ್ಗ, ದಾವಣಗೆರೆ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ, ಮ್ಯಾಸಬೇಡರ ಹಟ್ಟಿಗಳಲ್ಲಿ, ಲಂಬಾಣಿ ತಾಂಡಾಗಳಲ್ಲಿ ಹಾಡುವ ಕಥೆಗಳು ಎಷ್ಟೋ ಹಾಗೆ ಸಿಗುವುದಿಲ್ಲ. ಕಾಡುಗೊಲ್ಲರ ವೀರ ಜುಂಜಪ್ಪನ ಕಥೆ ಹೇಳುವವರು, ಗಣೆ ಎಂಬ ಉದ್ದನೆಯ ಬಿದಿರ ಕೊಳಲು ಊದುವವರು ಈಗ ವಯಸ್ಸಾದವರು. ಈ ಸಲ ಹಬ್ಬಕ್ಕೆ ಊರಿಗೆ ಬಂದಾಗ ಅವರ ಹತ್ತಿರ ಹೋಗಿ ಕೂತುಕೊಳ್ಳಿ. ಮೊದಲು ಏನಿತ್ತು, ಆಮೇಲೆ ಯಾರು ಬಂದರು ಅಂತ ಕೇಳಿ. ಅವರು ಒಪ್ಪಿದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಹಾಡಿದವರ ಹೆಸರನ್ನು ತಪ್ಪದೆ ಬರೆದಿಡಿ.